ರಾಸಿನ ಹೊಟ್ಟೆಯೂ ಮನುಷ್ಯನ ಆರೋಗ್ಯವೂ

ಒಣಹುಲ್ಲನ್ನು ಮೇದು ಹಾಲನ್ನು ಕೊಡುವುದು ಹಸುವಿನ ಸ್ವಭಾವ. ಅದೇ ಹುಲ್ಲನ್ನು ಮನುಷ್ಯನು ಅಗಿದು ನುಂಗಿದರೆ ಹೊಟ್ಟೆಯು ಭಾರವಾದೀತೇ ಹೊರತು ದೇಹಕ್ಕೆ ಬಲವು ಬಾರದು. ಈ ಭೇದಕ್ಕೆ ಕಾರಣವೇನೆಂದು ವಿಚಾರಿಸುತ್ತ ಹೋದ ವಿದ್ವಾಂಸರು, ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ, ರಾಸುಗಳ ಪೋಷಣೆಗೆ ಬೇಕಾದ ಅನೇಕ ಸಂಗತಿಗಳನ್ನು ಕಂಡುಹಿಡಿದುದಲ್ಲದೆ, ಮನುಷ್ಯನ ಆರೋಗ್ಯಕ್ಕೆ ಸಂಬಂಧಪಟ್ಟ ಕೆಲವು ಮುಖ್ಯ ವಿಷಯಗಳನ್ನೂ ಬೆಳಕಿಗೆ ತಂದಿರುತ್ತಾರೆ. ಕೊಟ್ಟಿಗೆಯ ಶಾಸ್ತ್ರವು ಕೊಟ್ಟಿಗೆಯಲ್ಲಿಯೇ ನಿಲ್ಲದೆ ಅಡಿಗೆಯ ಮನೆಗೂ ಆಸ್ಪತ್ರೆಗೂ ಹೇಗೆ ಪ್ರಯೋಜನಕ್ಕೆ ಬಂದಿತೆಂಬುದನ್ನು ವ್ಯವಸಾಯಗಾರರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಇದರಲ್ಲಿ ಅವರ ರಾಸುಗಳ ಹಿತವೂ, ಅವರ ಮನೆಯ ಹೆಂಗಸರು ಮಕ್ಕಳ ಹಿತವೂ ಒಟ್ಟಿಗೆ ಸೇರಿರುವುವು.

ನಾಲ್ಕು ಭಾಗಗಳ ಹೊಟ್ಟೆ

ದನ, ಎಮ್ಮೆ, ಕುರಿ, ಆಡು ಮುಂತಾದ ಮೆಲುಕುಹಾಕುವ ಪ್ರಾಣಿಗಳ ಹೊಟ್ಟೆಯು ನಾಲ್ಕು ಭಾಗಗಳುಳ್ಳದ್ದು. ಇವುಗಳಲ್ಲಿ ರೂಮೆನ್ ಎಂಬ ಮೊದಲನೆಯ ಭಾಗವು ಬಹು ದೊಡ್ಡ ಚೀಲ. ದೊಡ್ಡ ಜಾತಿಯ ಹಸುವಿನಲ್ಲಿ ಇದು ೧೦೦ ಲೀಟರಿಗಿಂತಲೂ ಹೆಚ್ಚು ಹಿಡಿಸುವುದು. ಎಡಗಡೆಯ ಪಕ್ಕೆಯ ಹಿಂದಿನ ತಗ್ಗಿನಲ್ಲಿ ಮುಷ್ಟಿಯನ್ನಿಟ್ಟು ಒತ್ತಿದರೆ, ಈ ಚೀಲವು ನಿಮಿಷಕ್ಕೆ ಒಂದೆರಡು ಸಲ ಅಲುಗುವುದು ಕೈಗೆ ತಿಳಿಯುವುದು. ನಾಲ್ಕನೆಯ ಭಾಗವೊಂದೇ ಮನುಷ್ಯನ ಜಠರವನ್ನು ಹೋಲತಕ್ಕದ್ದು. ಆಮ್ಲರಸವು ಅಲ್ಲಿಯೇ ಒಸರುವುದು.

ಹುಲ್ಲಿನ ನಾರನ್ನು ಕರಗಿಸತಕ್ಕ ರಸವನ್ನು ಮನುಷ್ಯನ ದೇಹವೂ ತಯಾರಿಸದು, ಹಸುವಿನ ದೇಹವೂ ತಯಾರಿಸದು. ಆ ಕೆಲಸವು ರೂಮೆನ್ನಿನಲ್ಲಿ ವಾಸಮಾಡುವ ಸೂಕ್ಷ್ಮಜೀವಿಗಳದು. ೧೮೪೩ರಲ್ಲಿ ಫ್ರಾನ್ಸ್ ದೇಶದ ಗ್ರೂಬಿ ಮತ್ತು ಡೆಲಾಫೋಂಡ್ ಎಂಬವರು ಈ ಚೀಲದ ದ್ರವವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಚಲಿಸುತ್ತಿದ್ದ ಅಸಂಖ್ಯ ಜೀವಿಗಳನ್ನು ವರ್ಣಿಸಿದರು. ಅವಕ್ಕಿಂತಲೂ ಚಿಕ್ಕವಾದ ಬ್ಯಾಕ್ಟೀರಿಯಗಳಂತೂ ಒಂದೊಂದು ಮಿಲಿಲೀಟರು ದ್ರವದಲ್ಲಿ ಸುಮಾರು ಸಾವಿರ ಕೋಟಿ ಇರುವುವೆಂದು ಎಣಿಕೆಯಾಗಿದೆ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಹುಳಿಯೇರಿ ಉಬ್ಬುವಂತೆ, ರೂಮೆನ್ನಿನಲ್ಲಿ ಹುಲ್ಲು ಹಗಲಿರುಳೂ ಹುದುಗುತ್ತಿರುವುದು. ಹಸುವನ್ನು ಸಾಕುವವನು ನಿಜವಾಗಿ ಮೊದಲು ಸಾಕಬೇಕಾದದ್ದು ಈ ಜೀವಿಗಳನ್ನೇ.

ಹುದುಗಿನಿಂದ ಹುಟ್ಟುವ ಆಮ್ಲಗಳು

ಹೀಗೆ ಹುದುಗಿದ ಹುಲ್ಲು ಏನಾಗುವುದೆಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ೧೯೪೪ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬಾರ್ಕ್ರಾಫ್ಟ್, ಮೆಕನಲಿ ಮತ್ತು ಫಿಲಿಪ್‌ಸನ್ ಎಂಬ ಮೂವರು ಕುರಿಗಳ ಮೇಲೆ ಪರೀಕ್ಷೆ ನಡೆಯಿಸಿ, ಸೂಕ್ಷ್ಮಜೀವಿಗಳು ನಾರಿನಿಂದ ಉತ್ಪನ್ನಮಾಡಿದ ಅಸಿಟಿಕ್, ಪ್ರೊಪಿಯಾನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳು ರೂಮೆನ್ನಿನ ಗೋಡೆಯ ಮೂಲಕವೇ ರಕ್ತಕ್ಕೆ ಸೇರುವುವೆಂದು ತೋರಿಸಿದರು. ಮೆಲುಕುಹಾಕುವ ಪ್ರಾಣಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಈ ಆಮ್ಲಗಳಿಂದಲೇ ದೊರೆಯುವುದೆಂದು ಈಗ ತಿಳಿದಿದೆ.

ಇದರಿಂದ ಮನುಷ್ಯನಿಗೇನೆಂದು ಕೇಳಬಹುದು. ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಇಂಥ ಒಂದು ಹುದುಗಿನ ತೊಟ್ಟಿಯುಂಟು. ರಾಗಿಯ ತೌಡು, ಕಾಳಿನ ಸಿಪ್ಪೆ, ಸೊಪ್ಪು ತರಕಾರಿಗಳ ನಾರು ಇವು ಮೇಲಿನ ಕರುಳಿನಲ್ಲಿ ಕರಗದೆ ಇಲ್ಲಿಗೆ ಬಂದು ಸೇರುವುವು. ಇಲ್ಲಿಯ ಸೂಕ್ಷ್ಮಜೀವಿಗಳು ಅವುಗಳಿಂದ ಮೇಲೆ ಹೇಳಿದ ಮೂರು ಆಮ್ಲಗಳನ್ನೇ ಉತ್ಪನ್ನಮಾಡುವುವು. ೧೯೮೦ರಲ್ಲಿ ರೋಡಿಗರ್ ಎಂಬ ವೈದ್ಯರು, ಮನುಷ್ಯನ ದೊಡ್ಡ ಕರುಳಿನ ಒಳಪೊರೆಯ ಕಣಗಳು ತಮ್ಮ ಶಕ್ತಿಗಾಗಿ ಮುಖ್ಯವಾಗಿ ಬ್ಯುಟಿರಿಕ್ ಆಮ್ಲವನ್ನೇ ಆಶ್ರಯಿಸಿರುವುವೆಂದು ಪ್ರಕಟಪಡಿಸಿದರು. ಕೆಲಸಕ್ಕೆ ಬಾರದ ಹೊಟ್ಟೆಂದು ಹಿಂದೆ ತಳ್ಳಿಬಿಡುತ್ತಿದ್ದ ನಾರು ಕರುಳಿಗೆ ಆಹಾರವೆಂಬುದು ಹೀಗೆ ಗೊತ್ತಾಯಿತು. ಮಿಲ್ಲಿನಲ್ಲಿ ಬಿಳುಪು ಬರುವವರೆಗೆ ಕೊಟ್ಟಿಸಿದ ಅಕ್ಕಿಯನ್ನೇ ಮೂರು ಹೊತ್ತೂ ಉಂಡು, ತೌಡನ್ನೆಲ್ಲ ಹಸುವಿಗೆ ಹಾಕುವವನು ತನ್ನ ಹಸುವಿಗೆ ಉಪಕಾರ ಮಾಡುವನು. ಆದರೆ ತನ್ನ ಕರುಳಿಗೆ ಸಲ್ಲಬೇಕಾದ ಪಾಲನ್ನು ಬಿಟ್ಟುಕೊಡುವನು.

ಹುಲ್ಲಿದ್ದೂ ಸೊರಗಿದ ಕುರಿಗಳು

ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಕಥೆಯು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯ ದೇಶಗಳದು. ಈ ಎರಡು ದೇಶಗಳ ಕೆಲವು ಪ್ರಾಂತಗಳಲ್ಲಿ ಮೊಣಕಾಲು ಮುಳುಗುವ ಹಸುರು ಹುಲ್ಲಿನ ನಡುವೆಯೇ ಕುರಿಗಳೂ ದನಗಳೂ ಮೇವನ್ನು ಬಿಟ್ಟು, ರಕ್ತವು ಕ್ಷೀಣಿಸಿ, ಎಲುಬು ತೊಗಲಾಗಿ ಸಾಯುತ್ತಿದ್ದುವು. ಅವನ್ನು ಬೇರೆ ಭೂಮಿಗೆ ಹೊಡೆದುಕೊಂಡು ಹೋದರೆ ಮತ್ತೆ ಚೇತರಿಸಿಕೊಳ್ಳುತ್ತಿದ್ದುವು. ನ್ಯೂಜಿಲೆಂಡಿನ ವ್ಯವಸಾಯ ಇಲಾಖೆಯ ರಸಾಯನಶಾಸ್ತ್ರಜ್ಞರಾದ ಆಸ್ಟನ್ ಎಂಬವರು ಇದು ಕಬ್ಬಿಣದ ಕೊರತೆಯೆಂದು ಊಹಿಸಿದರು. ಲಿಮೊನೈಟ್ ಎಂಬ ಕಬ್ಬಿಣದ ಅದಿರನ್ನು ತಿನ್ನಿಸಿದಾಗ ರಾಸುಗಳು ಗುಣಹೊಂದಿದ್ದರಿಂದ ಆ ಊಹೆಯು ಸರಿಯೆಂದೇ ತೋರಿತು. ಆದರೆ ಕೆಲವು ಅದಿರು ಗುಣಕೊಡುತ್ತಿತ್ತು, ಕೆಲವು ಕೊಡುತ್ತಿರಲಿಲ್ಲ. ಅದಿರಿನಲ್ಲಿದ್ದ ಕಬ್ಬಿಣದ ಪ್ರಮಾಣಕ್ಕೂ ಬಂದ ಗುಣಕ್ಕೂ ಹೊಂದಿಕೆಯೇ ಕಾಣಲಿಲ್ಲ.

ಪಶ್ಚಿಮ ಆಸ್ಟ್ರೇಲಿಯದ ವ್ಯವಸಾಯ ಇಲಾಖೆಯಲ್ಲಿದ್ದ ಅಂಡರ್‌ವುಡ್ ಮತ್ತು ಫಿಲ್ಮರ್ ಎಂಬವರು ಈ ಹೊಂದಿಕೆಯಿಲ್ಲದಿರುವಿಕೆಯನ್ನು ಅಲಕ್ಷ್ಯಮಾಡದೆ, ಅದಿರನ್ನು ಭಾಗಭಾಗವಾಗಿ ಬೇರ್ಪಡಿಸಿ ಒಂದೊಂದು ಭಾಗವನ್ನೂ ರೋಗದ ರಾಸುಗಳಿಗೆ ಕೊಟ್ಟು ನೋಡಿದರು. ಕಬ್ಬಿಣವನ್ನು ಪೂರ್ತಿಯಾಗಿ ತೆಗೆದುಹಾಕಿದ ಭಾಗದಲ್ಲಿಯೂ ರೋಗವನ್ನು ಗುಣಪಡಿಸುವ ಶಕ್ತಿಯು ಉಳಿದಿತ್ತು. ಕಡೆಗೆ ಅದಿರಿನಲ್ಲಿ ಅತ್ಯಲ್ಪವಾಗಿ ಬೆರೆತಿದ್ದ ಕೋಬಾಲ್ಟ್ ಎಂಬ ಲೋಹವೇ ಔಷಧವೆಂದು ೧೯೩೫ರಲ್ಲಿ ನಿಶ್ಚಯವಾಯಿತು. ಅದೇ ವರ್ಷ ದಕ್ಷಿಣ ಆಸ್ಟ್ರೇಲಿಯದಲ್ಲಿ ಮಾರ್ಸ್ಟನ್ ಮತ್ತು ಲೈನ್ಸ್ ಎಂಬವರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು. ಒಂದು ಕುರಿಗೆ ದಿನಕ್ಕೆ ಬೇಕಾದ ಕೋಬಾಲ್ಟು ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಮಣ್ಣಿನಲ್ಲಿ ಅಷ್ಟು ಸ್ವಲ್ಪವೂ ಇಲ್ಲದ್ದರಿಂದ ಹಿಂಡುಹಿಂಡು ಕುರಿಗಳು ನಾಶವಾಗುತ್ತಿದ್ದುವು.

ಆದರೂ ಒಂದು ಒಗಟು ಉಳಿಯಿತು. ಕೋಬಾಲ್ಟನ್ನು ಬಾಯಿಂದ ಕೊಟ್ಟರೆ ಕುರಿಯು ಗುಣಹೊಂದುತ್ತಿತ್ತು. ಅದನ್ನೇ ಸೂಜಿಯಿಂದ ದೇಹಕ್ಕೆ ಸೇರಿಸಿದರೆ ಗುಣವೇ ಕಾಣುತ್ತಿರಲಿಲ್ಲ. ಎಂದರೆ, ಈ ಲೋಹವು ಬೇಕಾಗಿದ್ದದ್ದು ಕುರಿಯ ರಕ್ತಕ್ಕಲ್ಲ, ಅದರ ಹೊಟ್ಟೆಯಲ್ಲಿದ್ದ ಮತ್ತಾವುದೋ ಕೆಲಸಕ್ಕೆ.

ಎರಡು ದಾರಿಗಳು ಕೂಡಿದ ಬಗೆ

ಇತ್ತ ಮನುಷ್ಯರಲ್ಲಿ ಮಾರಕ ರಕ್ತಹೀನತೆ ಎಂಬ ಒಂದು ರೋಗವಿದ್ದಿತು. ಅದು ತಗಲಿದವರು ಬಿಳುಚಿ, ನಾಲಿಗೆ ಹುಣ್ಣಾಗಿ, ಕೈಕಾಲು ಜೋಮುಹಿಡಿದು, ಕೆಲವು ವರ್ಷಗಳಲ್ಲಿ ತೀರಿಹೋಗುತ್ತಿದ್ದರು. ಅಮೆರಿಕದ ವ್ಹಿಪಲ್ ಎಂಬವರು ರಕ್ತವನ್ನು ತೆಗೆದ ನಾಯಿಗಳಿಗೆ ಯಕೃತ್ತನ್ನು ತಿನ್ನಿಸಿದರೆ ಬೇಗ ರಕ್ತವು ತುಂಬಿಬರುವುದನ್ನು ಕಂಡಿದ್ದರು. ಇದನ್ನು ಅನುಸರಿಸಿ ೧೯೨೬ರಲ್ಲಿ ಬಾಸ್ಟನ್ ನಗರದ ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು ರೋಗಿಗಳಿಗೆ ದಿನವೂ ಹೇರಳವಾಗಿ ಯಕೃತ್ತನ್ನು ತಿನ್ನಿಸಿ ಅವರನ್ನು ಉಳಿಸಿಕೊಂಡರು. ಈ ಮೂವರಿಗೂ ೧೯೩೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಯಕೃತ್ತಿನಲ್ಲಿದ್ದ ಆ ಸತ್ವವಾವುದೆಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ.

೧೯೪೮ರಲ್ಲಿ ಅಮೆರಿಕದಲ್ಲಿ ಫೋಕರ್ಸ್ ಮತ್ತು ಅವರ ಜೊತೆಗಾರರೂ, ಇಂಗ್ಲೆಂಡಿನಲ್ಲಿ ಲೆಸ್ಟರ್ ಸ್ಮಿತ್ ಎಂಬವರೂ ಆ ಸತ್ವವನ್ನು ಕೆಂಪು ಬಣ್ಣದ ಹರಳುಗಳ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಬಿ-೧೨ ಜೀವಸತ್ವವೆಂದು ಹೆಸರಾಯಿತು. ಪರೀಕ್ಷಿಸಿ ನೋಡಲಾಗಿ ಆ ಹರಳಿನಲ್ಲಿ ನೂರಕ್ಕೆ ಸುಮಾರು ೪ ಪಾಲು ಕೋಬಾಲ್ಟ್ ಇದ್ದಿತು! ಕುರಿಗಳ ರೋಗವನ್ನು ಹುಡುಕಿಹೋದವರ ದಾರಿಯೂ, ಮನುಷ್ಯರ ರೋಗವನ್ನು ಹುಡುಕಿಹೋದವರ ದಾರಿಯೂ ಇಲ್ಲಿ ಬಂದು ಕೂಡಿದುವು. ೧೯೫೧ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕೋಬಾಲ್ಟಿನ ಕೊರತೆಯಿಂದ ಸೊರಗಿದ ಕುರಿಗಳಿಗೆ ಬಿ-೧೨ ಸತ್ವವನ್ನು ಸೂಜಿಯಿಂದ ಕೊಟ್ಟು ಗುಣಪಡಿಸಿದಾಗ ಒಗಟು ಬಿಡಿಸಿತು. ರೂಮೆನ್ನಿನ ಬ್ಯಾಕ್ಟೀರಿಯಗಳು ಮೇವಿನ ಕೋಬಾಲ್ಟಿನಿಂದ ಬಿ-೧೨ ಸತ್ವವನ್ನು ತಯಾರಿಸುವುವು; ಪ್ರಾಣಿಯು ಅದನ್ನು ಹೀರಿಕೊಂಡು, ಪ್ರೊಪಿಯಾನಿಕ್ ಆಮ್ಲವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳಲು ಅದನ್ನು ಬಳಸುವುದು. ಲೋಹವಿಲ್ಲದಿದ್ದರೆ ಸತ್ವವಿಲ್ಲ; ಸತ್ವವಿಲ್ಲದಿದ್ದರೆ ಹುಲ್ಲಿದ್ದರೂ ಪ್ರಯೋಜನವಿಲ್ಲ.

ತೊಟ್ಟಿಯಿರುವ ಸ್ಥಳದ ಮಹತ್ವ

ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಸೂಕ್ಷ್ಮಜೀವಿಗಳಿರುವುದರಿಂದ ಅವನಿಗೂ ಈ ಸತ್ವವು ತಾನಾಗಿಯೇ ದೊರೆಯಬೇಕಲ್ಲವೇ ಎಂದು ಶಂಕೆ ಹುಟ್ಟುವುದು ಸಹಜ. ಅಲ್ಲಿಯೂ ಸ್ವಲ್ಪ ಬಿ-೧೨ ಉತ್ಪನ್ನವಾಗುವುದು ನಿಜವೇ. ಆದರೆ ಅದು ರಕ್ತಕ್ಕೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಉತ್ಪನ್ನವಾಗುವುದು ಅದನ್ನು ದಾಟಿದ ಮೇಲೆ. ನಾಲೆಯ ತೂಬಿಗಿಂತ ಕೆಳಗೆ ಊರಿದ ಒರತೆಯ ನೀರು ಮೇಲಿನ ಗದ್ದೆಗೆ ಏರದಿರುವಂತೆ, ಆ ಸತ್ವವು ಮಲದೊಡನೆ ಹೊರಗೆ ಹೋಗಿಬಿಡುವುದು. ಹಸುವಿನ ತೊಟ್ಟಿಯಾದರೋ ಜಠರಕ್ಕೂ ಸಣ್ಣ ಕರುಳಿಗೂ ಮುಂದೆಯೇ ಇರುವುದರಿಂದ ಅಲ್ಲಿ ಬೆಳೆದದ್ದೆಲ್ಲ ಹಸುವಿಗೆ ದಕ್ಕುವುದು. ಮೊಲದ ತೊಟ್ಟಿಯೂ ಮನುಷ್ಯನದರಂತೆ ಹಿಂದೆಯೇ ಇದೆ. ಅದು ತನ್ನ ಮೆತ್ತಗಿನ ಹಿಕ್ಕೆಯನ್ನು ತಾನೇ ಪುನಃ ತಿಂದು ಈ ನಷ್ಟವನ್ನು ತುಂಬಿಕೊಳ್ಳುವುದು.

ಧಾನ್ಯ, ಬೇಳೆ, ಸೊಪ್ಪು, ಹಣ್ಣು ಇವುಗಳಲ್ಲಿ ಬಿ-೧೨ ಸತ್ವವಿಲ್ಲ. ಇಡ್ಲಿ ದೋಸೆಗಳ ಹಿಟ್ಟು ಹುಳಿಯೇರಿದ ಮಾತ್ರಕ್ಕೆ ಅದು ಸಾಕಷ್ಟು ದೊರೆಯುವುದೆಂದೂ ನಂಬತಕ್ಕದ್ದಲ್ಲ. ಮಾಂಸ, ಮೀನು, ಮೊಟ್ಟೆಗಳನ್ನು ತಿನ್ನುವವರಿಗೆ ಅವುಗಳಿಂದ ಇದು ಲಭಿಸುವುದು. ಅವನ್ನು ಮುಟ್ಟದವರಿಗೆ ಸಾಮಾನ್ಯ ಆಹಾರದಲ್ಲಿ ಉಳಿದ ಮುಖ್ಯ ಆಧಾರವು ಹಾಲು, ಮೊಸರು, ಮಜ್ಜಿಗೆಗಳೇ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು ೨ ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಎರಡು ಪಾಲು. ಅರ್ಧ ಲೀಟರು ಹಸುವಿನ ಹಾಲಿನಲ್ಲಿ ಹೆಚ್ಚುಕಡಮೆ ಇಷ್ಟು ಇರುವುದು. ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡಿದರೆ ಅದರಲ್ಲಿ ಈ ಸತ್ವವು ಉಳಿಯದು. ಅದು ನೀರಿನಲ್ಲಿ ಕರಗತಕ್ಕದ್ದಾದ್ದರಿಂದ ಮಜ್ಜಿಗೆಯ ಕಡೆಗೇ ಸೇರುವುದು.

ಈಗ ಹಳ್ಳಿಗಳಲ್ಲಿ ಕಾಣುವ ಒಂದು ಸಂಗತಿಯನ್ನು ವಿಚಾರಿಸಬೇಕಾಗಿದೆ. ಬೆಳಗ್ಗೆ ಸಂಜೆ ಕರೆದ ಹಾಲನ್ನೆಲ್ಲ ಡೈರಿಗೆ ಅಳೆದುಕೊಟ್ಟು, ಕಾಫಿಗೆಂದು ಒಂದು ಲೋಟವನ್ನು ಮಾತ್ರ ಉಳಿಸಿಕೊಳ್ಳುವ ಮನೆಗಳು ಹಲವು. ಹಾಲಿನ ಹಣದಿಂದ ಸಾಲವು ತೀರುವುದು, ಮಕ್ಕಳ ವಿದ್ಯಾಭ್ಯಾಸವು ನಡೆಯುವುದು. ಆದ್ದರಿಂದ ಹಾಲು ಮಾರುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಹಸುವಿನ ಹೊಟ್ಟೆಯಲ್ಲಿ ತಯಾರಾಗಿ, ಶಾಕಾಹಾರಿಗಳಿಗೆ ಬೇರೆ ಪದಾರ್ಥಗಳಿಂದ ಬಾರದ ಸತ್ವವೊಂದನ್ನು, ಹಸುವನ್ನು ಸಾಕಿದ ಮನೆಯವರೇ ಪೂರಾ ಮಾರಿಕೊಳ್ಳುವುದು ಲಾಭದ ಲೆಕ್ಕವಲ್ಲ. ಈ ಕೊರತೆಯು ಕೂಡಲೆ ಹೊರಗೆ ಕಾಣತಕ್ಕದ್ದೂ ಅಲ್ಲ. ದೇಹವು ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಸತ್ವವನ್ನು ಕೂಡಿಟ್ಟುಕೊಳ್ಳುವುದರಿಂದ ಆಯಾಸ, ಬಿಳುಚುವಿಕೆ, ಪಾದಗಳಲ್ಲಿ ಜೋಮು, ಮರೆವು ಮುಂತಾದುವು ತಡವಾಗಿ ತೋರುವುವು. ಬಹುಕಾಲ ಉಪೇಕ್ಷಿಸಿದರೆ ನರಗಳಿಗಾದ ಹಾನಿಯು ಪೂರ್ತಿಯಾಗಿ ಸರಿಹೋಗದೆ ಇರಬಹುದು. ತಾಯಿಯಲ್ಲಿಯೇ ಸಂಗ್ರಹವಿಲ್ಲದಿದ್ದರೆ ಹುಟ್ಟಿದ ಕೂಸಿಗೆ ಆ ಆಸರೆಯೂ ಇರುವುದಿಲ್ಲ. ಆದ್ದರಿಂದ ಬಸುರಿ, ಬಾಣಂತಿ, ಮಕ್ಕಳು ಮತ್ತು ವೃದ್ಧರ ಪಾಲಿನ ಹಾಲನ್ನು ಮೊದಲು ಎತ್ತಿಟ್ಟು ಮಿಕ್ಕದ್ದನ್ನು ಮಾರುವುದೇ ವಿವೇಕ. ವೃದ್ಧರಲ್ಲಿ ಕೆಲವರಿಗೆ ಜಠರದ ದೋಷದಿಂದ ಹಾಲು ಕುಡಿದರೂ ಸತ್ವವು ದಕ್ಕದು; ಅಂಥವರು ವೈದ್ಯರಿಗೆ ತೋರಿಸಿಕೊಳ್ಳತಕ್ಕದ್ದು. ಅವರಿಗೆ ಕೊಡುವ ಮಾತ್ರೆ ಮತ್ತು ಸೂಜಿಯ ಔಷಧವನ್ನೂ ಇಂದಿಗೂ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸಿಯೇ ತಯಾರಿಸುತ್ತಾರೆ.

ಗಾಳಿಯನ್ನು ಸಹಿಸದ ಜೀವಿಗಳು

ರೂಮೆನ್ನಿನ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಗಾಳಿ ಸೋಕಿದರೆ ಸಾಯತಕ್ಕವು. ಅವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಉಪಾಯವನ್ನು ಅಮೆರಿಕದ ಹಂಗೇಟ್ ಎಂಬವರು ರೂಪಿಸಿದರು. ಆಮ್ಲಜನಕವನ್ನು ಪೂರ್ತಿಯಾಗಿ ಹೊರಡಿಸಿದ ಗಾಜಿನ ನಳಿಗೆಯಲ್ಲಿ ಪೋಷಕದ್ರವವನ್ನು ತುಂಬಿ, ಅದನ್ನು ಉರುಳಿಸಿ ಒಳಮೈಗೆ ತೆಳುವಾಗಿ ಹೆಪ್ಪುಗಟ್ಟಿಸುವುದೇ ಆ ಕ್ರಮ. ೧೯೬೬ರಲ್ಲಿ ಅವರು ರೂಮೆನ್ನಿನ ಜೀವಿಗಳ ವಿಷಯವಾಗಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಮನುಷ್ಯನ ಕರುಳಿನ ಜೀವಿಗಳನ್ನು ಗುರುತಿಸಹೊರಟ ವೈದ್ಯಶಾಸ್ತ್ರಜ್ಞರು ದನದ ಹೊಟ್ಟೆಗಾಗಿ ಹುಟ್ಟಿದ ಈ ಕ್ರಮವನ್ನೇ ಕೈಗೊಂಡರು.

ಈ ಬಗೆಯ ಶೋಧನೆಯ ಒಂದು ಫಲವನ್ನು ಇಲ್ಲಿ ಹೇಳಬಹುದು. ಅಮೆರಿಕದ ಪಶ್ಚಿಮದ ಒಣಭೂಮಿಗಳಲ್ಲಿ ಹ್ಯಾಲೊಜಿಟನ್ ಎಂಬ ಆಕ್ಸಲೇಟು ತುಂಬಿದ ಕಳೆಯನ್ನು ತಿಂದು ಕುರಿಗಳು ಸಾಯುತ್ತಿದ್ದುವು. ಆಕ್ಸಲೇಟಿರುವ ಮೇವಿಗೆ ಸ್ವಲ್ಪಸ್ವಲ್ಪವಾಗಿ ಒಗ್ಗಿದ ಕುರಿಗಳು ಮಾತ್ರ ಹೆಚ್ಚು ತಾಳಿಕೊಳ್ಳುತ್ತಿದ್ದುವು. ಆಕ್ಸಲೇಟನ್ನೇ ತಿಂದು ಬದುಕುವ ಒಂದು ಬ್ಯಾಕ್ಟೀರಿಯವನ್ನು ೧೯೮೦ರಲ್ಲಿ ಅಲಿಸನ್ ಮತ್ತು ಅವರ ಜೊತೆಗಾರರು ಕುರಿಯ ರೂಮೆನ್ನಿನಿಂದ ಬೇರ್ಪಡಿಸಿದರು. ೧೯೮೫ರಲ್ಲಿ ಇದಕ್ಕೆ ಆಕ್ಸಲೊಬ್ಯಾಕ್ಟರ್ ಎಂದು ಹೆಸರಿಡಲಾಯಿತು. ಇದೇ ಜೀವಿಯು ಅನೇಕ ಮನುಷ್ಯರ ಕರುಳಿನಲ್ಲಿಯೂ ಇರುವುದೆಂದು ತಿಳಿದುಬಂದಿತು. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವೇ ಆದ್ದರಿಂದ, ಆ ರೋಗದ ವಿಚಾರಣೆಗೆ ಇದೊಂದು ಹೊಸ ದಾರಿಯಾಯಿತು. ಆದರೆ ಈ ಜೀವಿಯನ್ನು ನುಂಗಿಸಿ ಕಲ್ಲುಗಳನ್ನು ತಡೆಯುವ ಖಚಿತವಾದ ಔಷಧವು ಇನ್ನೂ ಸಿದ್ಧವಾಗಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ.

ಹಬ್ಬದ ಮಾರನೆಯ ದಿನ

ಮದುವೆ, ಹಬ್ಬಗಳಲ್ಲಿ ಉಳಿದ ಅನ್ನವನ್ನೋ ಪಾಯಸವನ್ನೋ ಚೆಲ್ಲಲಾರದೆ ಕಲಗಚ್ಚಿನ ಬಾನಿಗೆ ಸುರಿದು ಹಸುವಿಗೆ ಇಡುವುದುಂಟು. ಹಗ್ಗ ಬಿಚ್ಚಿಕೊಂಡ ರಾಸು ಕಣಜದ ಕಾಳಿಗೆ ಬಾಯಿಹಾಕುವುದೂ ಉಂಟು. ಹುಲ್ಲಿನ ನಾರಿಗೆ ಒಗ್ಗಿದ ಸೂಕ್ಷ್ಮಜೀವಿಗಳಿಗೆ ಇಷ್ಟೊಂದು ಪಿಷ್ಟವು ಒಮ್ಮೆಗೇ ದೊರೆತರೆ ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸುವ ಜಾತಿಯವು ಮಿತಿಮೀರಿ ಬೆಳೆಯುವುವು. ಉಳಿದವು ಆ ಹುಳಿಯಲ್ಲಿ ಸಾಯುವುವು. ರೂಮೆನ್ನಿನ ಅಲುಗಾಟವು ನಿಲ್ಲುವುದು; ಸಗಣಿಯು ನೀರಾಗುವುದು; ರಾಸು ತೂರಾಡಿ ಮಲಗಿ ಒಂದೆರಡು ದಿನಗಳಲ್ಲಿ ಸಾಯಲೂಬಹುದು. ದಯೆಯಿಂದ ಇಟ್ಟ ಅನ್ನವೇ ಹೀಗೆ ಮನೆಯ ಹಸುವನ್ನು ಕೊಲ್ಲುವುದು.

ಇಂಥದೇ ಒಂದು ವಿಪತ್ತು ಮನುಷ್ಯರಲ್ಲಿಯೂ ಇರುವುದೆಂದು ೧೯೭೯ರಲ್ಲಿ ಅಮೆರಿಕದ ವೈದ್ಯರು ವರದಿಮಾಡಿದರು. ಸಣ್ಣ ಕರುಳಿನ ಬಹುಭಾಗವನ್ನು ಕಳೆದುಕೊಂಡಿದ್ದ ಒಬ್ಬ ರೋಗಿಯಲ್ಲಿ, ಅರಗದ ಪಿಷ್ಟವೂ ಸಕ್ಕರೆಯೂ ದೊಡ್ಡ ಕರುಳಿಗೆ ನುಗ್ಗಿ, ರಾಸುಗಳಲ್ಲಿ ಕಾಣುವ ಬಗೆಯ ಲ್ಯಾಕ್ಟಿಕ್ ಆಮ್ಲವೇ ರಕ್ತಕ್ಕೆ ಸೇರಿ ಬುದ್ಧಿಭ್ರಮೆಯನ್ನು ಉಂಟುಮಾಡಿತ್ತು. ಅದಕ್ಕೆ ಮೊದಲೇ ಈ ವ್ಯಾಧಿಯನ್ನು ಬಲ್ಲವರು ಪಶುವೈದ್ಯರು. ಆರೋಗ್ಯವಂತ ಮನುಷ್ಯನಿಗೆ ಒಂದು ಹೊತ್ತಿನ ಹಬ್ಬದೂಟದಿಂದ ಇಂಥ ಭಯವಿಲ್ಲ. ಆದರೂ ಆಹಾರವನ್ನು ಬದಲಾಯಿಸುವಾಗ ಮೆಲ್ಲಮೆಲ್ಲನೆ ಬದಲಾಯಿಸಬೇಕೆಂಬ ನಿಯಮವು ಇಬ್ಬರಿಗೂ ಒಂದೇ.

ಹೋಲಿಕೆಯ ಮಿತಿ

ಹಸುವಿಗೆ ಹಿತವಾದದ್ದೆಲ್ಲ ಮನುಷ್ಯನಿಗೂ ಹಿತವೆಂದು ಭಾವಿಸಕೂಡದು. ತಿಳಿದವರ ಸಲಹೆಯಂತೆ ಮಿತವಾಗಿ ಬೆರಸಿದ ಯೂರಿಯದಿಂದ ಹಸುವಿನ ಸೂಕ್ಷ್ಮಜೀವಿಗಳು ಸಸಾರಜನಕವನ್ನು ಮಾಡಿಕೊಳ್ಳಬಲ್ಲುವು. ಮನುಷ್ಯನಿಗೆ ಅದು ಆಹಾರವಲ್ಲ. ಪ್ರಾಣಿಗಳ ಮೇಲಿನ ಪರೀಕ್ಷೆಯು ದಾರಿಯನ್ನು ತೋರಿಸುವುದು. ಮನುಷ್ಯನ ವಿಷಯದಲ್ಲಿ ಪ್ರತ್ಯೇಕ ಪರೀಕ್ಷೆಯಾದ ಮೇಲೆಯೇ ನಿರ್ಣಯ. ೧೯೯೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪಶುಪೋಷಣೆ ಮತ್ತು ಶರೀರಕ್ರಿಯಾಶಾಸ್ತ್ರದ ರಾಷ್ಟ್ರೀಯ ಸಂಸ್ಥೆಯಲ್ಲಿಯೂ ರೂಮೆನ್ನಿನ ವಿಷಯವಾದ ಶೋಧನೆಗಳು ನಡೆಯುತ್ತಿರುವುದರಿಂದ, ಈ ಶಾಸ್ತ್ರವು ದೂರದೇಶಗಳ ಮಾತು ಮಾತ್ರವಲ್ಲ.

ಮೇಲೆ ಹೇಳಿದುದರ ಸಾರಾಂಶ

೧. ರಾಸುಗಳ ಮೇವನ್ನು ಒಮ್ಮೆಗೇ ಬದಲಾಯಿಸದೆ ಎರಡು ಮೂರು ವಾರಗಳಲ್ಲಿ ಕ್ರಮವಾಗಿ ಬದಲಾಯಿಸತಕ್ಕದ್ದು.

೨. ಉಳಿದ ಅನ್ನ, ಹಿಟ್ಟು, ಕಾಳುಗಳನ್ನು ರಾಸಿಗೆ ರಾಶಿಯಾಗಿ ಇಡತಕ್ಕದ್ದಲ್ಲ. ಹಾಗೆ ತಿಂದ ರಾಸಿಗೆ ಮೇವನ್ನು ನಿಲ್ಲಿಸಿ, ಲಕ್ಷಣಗಳು ತೋರುವವರೆಗೆ ಕಾಯದೆ ಪಶುವೈದ್ಯರನ್ನು ಕರೆಯಿಸತಕ್ಕದ್ದು.

೩. ಕೋಬಾಲ್ಟು ಸೇರಿರುವ ಖನಿಜಮಿಶ್ರಣವನ್ನು ಹೇಳಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು. ಹೆಚ್ಚು ಕೊಟ್ಟರೆ ಹೆಚ್ಚು ಗುಣವೆಂದು ತಿಳಿಯತಕ್ಕದ್ದಲ್ಲ.

೪. ಮನೆಯವರು ತೌಡು ತೆಗೆಯದ ಧಾನ್ಯ, ಕಾಳು, ಸೊಪ್ಪುಗಳನ್ನು ದಿನವೂ ಉಣ್ಣತಕ್ಕದ್ದು.

೫. ಹಾಲನ್ನು ಅಳೆಯುವುದಕ್ಕೆ ಮೊದಲು ಬಸುರಿ, ಬಾಣಂತಿ, ಮಕ್ಕಳು, ವೃದ್ಧರ ಪಾಲನ್ನು ತೆಗೆದಿಡತಕ್ಕದ್ದು.

ಮೂರು ಹೊತ್ತು ಮೇವು ಹಾಕಿ, ಸಗಣಿ ಬಾಚಿ, ನೀರು ಕುಡಿಸಿ ಹಸುವನ್ನು ಸಾಕುವ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದೇ. ಆ ಹಸುವಿನ ಹೊಟ್ಟೆಯಲ್ಲಿ ಹುಲ್ಲಿನಿಂದ ಹುಟ್ಟಿಬಂದ ಸತ್ವದಲ್ಲಿ ಮೊದಲ ಪಾಲು ಅವರಿಗೂ ಅವರ ಮಕ್ಕಳಿಗೂ ಸಲ್ಲುವಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ವ್ಯವಸಾಯಗಾರನ ಕರ್ತವ್ಯವಾಗಿರುವುದು.